ಸವಳು ನೀರಿನಲ್ಲಿ ತೊಳೆದ ದೋಣಿ

ಅಂಬಿಗ ಕಾಕಾನಿಗೆ ಸೇವಾ ಪ್ರಮಾಣಪತ್ರ ಸಿಗುವುದು ಸಾಧ್ಯವೇ ಇಲ್ಲ ಎಂದು ಹೇಳಿದವರು ನಮ್ಮ ಕಚೇರಿಯ ಹೆಡ್ ಕ್ಲಾರ್ಕ್. ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡು, ಫೈಲಿನಿಂದ ಕಣ್ಣೆತ್ತದೆ ಹೇಳಿದ್ದರು: "ದಿನಗೂಲಿ ಖಲಾಸಿಗೆ ಸರ್ಟಿಫಿಕೇಟ? ಅದೂ ಸರಕಾರಿ ದೋಣಿ ಹಾಳ ಮಾಡಿದಾವಗ? ನಾ ಈ ಖುರ್ಚಿ ಮ್ಯಾಲೆ ಇರೂತನಾ ಅದು ಆಗೂ ಹೋಗೂ ಮಾತಲ್ಲ. ಬಿಡೋ ಮಾರಾಯಾ, ನಿನ್ನ ಕೆಲಸಾ ನೀ ನೋಡಕೋ."

ಅವರ ಮಾತು ಕೊನೆಗೆ ಸುಳ್ಳಾಯಿತು. ಸುಳ್ಳಾದದ್ದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ, ಅದು ಬೇರೆ ಮಾತು.

ಎಂಬತ್ತರ ದಶಕದ ನಡುವಿನ ವರ್ಷಗಳು. ನನಗೆ ಆಗ ಇಪ್ಪತ್ತಾರು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಕುಡಿಯುವ ನೀರಿನ ಕೆರೆಗಳಲ್ಲಿ ಎಷ್ಟು ಹೂಳು ತುಂಬಿದೆ ಎಂದು ಅಳೆಯುವುದು ನಮ್ಮ ತಂಡದ ಕೆಲಸ. ಆ ಸೀಮೆಯ ಕಪ್ಪು ಮಣ್ಣಿನಲ್ಲಿ ಎಲ್ಲಿ ಬಾವಿ ತೋಡಿದರೂ ಬಹುಪಾಲು ಉಪ್ಪುಪ್ಪಾದ ಸವಳು ನೀರೇ. ಹೀಗಾಗಿ ಊರಿಗೊಂದು ಕೆರೆ. ಕೆರೆಯ ನೀರು ಗಂಟಲಿಗೆ ಮಾತ್ರ. ಬಟ್ಟೆ, ಪಾತ್ರೆ, ದನದ ಮೈ, ಅಂಗಳ ಎಲ್ಲಕ್ಕೂ ಸವಳು. ಕೆರೆಯ ನೀರಿನಲ್ಲಿ ಏನನ್ನಾದರೂ ತೊಳೆಯುತ್ತೇನೆಂದರೆ ಊರು ಎದ್ದು ನಿಲ್ಲುತ್ತದೆ. ಕೆರೆಯ ಏರಿಯ ಮೇಲೆ ನಾವು ಚಪ್ಪಲಿ ಕಳಚಿಯೇ ಹತ್ತುತ್ತಿದ್ದೆವು. ದೋಣಿಗೊಂದು ಇಂಜಿನ್ ಇದ್ದರೂ ಅದು ಪೆಟ್ಟಿಗೆಯಲ್ಲೇ ಇರುತ್ತಿತ್ತು. ಕುಡಿಯುವ ನೀರಿಗೆ ಎಣ್ಣೆ ತಾಗಬಾರದು. ಹುಟ್ಟು ಹಾಕಿಯೇ ಕೆಲಸ.

ದೋಣಿ ಹದಿನಾಲ್ಕು ಅಡಿಯದು, ಅಲ್ಯೂಮಿನಿಯಂ ತಗಡಿನದು, ಚಪ್ಪಟೆ ತಳ, ಸಾಲಾಗಿ ರಿವೆಟ್ಟು. ಅದನ್ನು ಹೊತ್ತುಕೊಂಡು ಕೆರೆಯಿಂದ ಕೆರೆಗೆ ಜೀಪಿನ ಹಿಂದೆ ಓಡುವ ಎರಡು ಗಾಲಿಯ ಟ್ರೇಲರು ಕಬ್ಬಿಣದ ಆಂಗಲ್ಲಿನದು. ಟ್ರೇಲರಿನ ಮೇಲೆ ಎರಡು ಅಡ್ಡ ತೊಲೆ. ದೋಣಿಯ ಹೊಟ್ಟೆ ಗೀಚಬಾರದೆಂದು ಆ ತೊಲೆಗಳಿಗೆ ಗೋಣಿತಟ್ಟು ಸುತ್ತಿ ಸುತಳಿಯಿಂದ ಹೊಲಿದವರು ಅಂಬಿಗ ಕಾಕಾ.

ಕಾಕಾನಿಗೆ ಐವತ್ತು ದಾಟಿತ್ತು. ಮಲಪ್ರಭಾ ದಂಡೆಯವರು. ನಮ್ಮ ಇಲಾಖೆಯಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿ ಖಲಾಸಿ, ಎಂದರೆ ದೋಣಿಯ ಆಳು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಸಣ್ಣ ಸಾಹೇಬ್ರ ಎನ್ನುತ್ತಿದ್ದರು. ಕೆರೆಯ ಈ ದಂಡೆಯಿಂದ ಆ ದಂಡೆಗೆ ಗಂಟು ಹಾಕಿದ ಹಗ್ಗ ಎಳೆದು ಕಟ್ಟಿ, ಅದರ ಗುಂಟ ದೋಣಿ ಸರಿಸಿ, ಗಂಟಿಗೊಮ್ಮೆ ಬಿದಿರಿನ ಗಳ ಇಳಿಬಿಡುತ್ತಿದ್ದರು. ಗಳ ಮೊದಲು ತಾಗುವುದು ಹೂಳಿನ ಮೇಲ್ಮೈ. ಒತ್ತಿದರೆ ಕೆಳಗಿನ ಗಟ್ಟಿ ನೆಲ. ಎರಡರ ನಡುವಿನ ಅಂತರವೇ ನಮಗೆ ಬೇಕಾದ ಲೆಕ್ಕ. "ಏಳು... ಈಗ ಒಂಬತ್ತೂವರಿ... ಕೆಸರ ಐತ್ರಿ ಭಾಳ" ಎಂದು ಅವರು ಕೂಗಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ. ಓದು ಬರಹ ಬಾರದ ಆ ಮನುಷ್ಯನ ಅಂಗೈ ಅರ್ಧ ಅಡಿಯನ್ನೂ ತಪ್ಪುತ್ತಿರಲಿಲ್ಲ.

ಆ ವರ್ಷ ಒಂದು ಸುದ್ದಿ ಹಬ್ಬಿತ್ತು. ಹತ್ತು ವರ್ಷ ದುಡಿದ ದಿನಗೂಲಿಗಳನ್ನು ಖಾಯಂ ಮಾಡುತ್ತಾರಂತೆ. ಅದಕ್ಕೆ ಕಚೇರಿಯಿಂದ ಒಂದು ಸೇವಾ ಪ್ರಮಾಣಪತ್ರ ಬೇಕು, ಕಪ್ಪುಚುಕ್ಕೆ ಇಲ್ಲದ್ದು. ದೋಣಿಯಲ್ಲಿ ಕೂತಾಗಲೆಲ್ಲ ಕಾಕಾನದು ಅದೇ ಮಾತು.

"ಅಲ್ರೀ ಸಣ್ಣ ಸಾಹೇಬ್ರ, ಆ ಕಾಗದದಾಗ ನನ್ನ ಹೆಸರು ಕೈಲೆ ಬರೀತಾರೋ, ಛಾಪಿಸ್ತಾರೋ?"

"ಟೈಪ್ ಮಾಡ್ತಾರ ಕಾಕಾ."

"ಹನ್ನೊಂದ ವರ್ಷ ಹೆಬ್ಬಟ್ಟ ಒತ್ತಿ ಒತ್ತಿ ಬಟ್ಟ ನೀಲಿ ಆಗೇತಿ. ಛಾಪಿಸಿದ ಹೆಸರ ಒಂದ ಸಲ ನೋಡಬೇಕ ನೋಡ್ರಿ. ನಮ್ಮ ಹುಡುಗಿ ಸಾಲಿಗೆ ಹೊಂಟಾಳ, ಓದಿ ಹೇಳತಾಳ."

ಮಾರ್ಚಿ ತಿಂಗಳಲ್ಲಿ ಆದೇಶ ಬಂತು. ಅಂಕೋಲಾ ಕಡೆಯ ಒಂದು ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿ, ಆಳ ಅಳೆಯಬೇಕು. ಅಲ್ಲಿಯ ದೋಣಿ ಕೆಟ್ಟಿದೆ. ನಮ್ಮ ದೋಣಿ, ಟ್ರೇಲರು, ಮಂದಿ ಎಲ್ಲ ಹದಿನೈದು ದಿನ ಅಲ್ಲಿಗೆ ಹೋಗಬೇಕು. ನಮ್ಮ ಉಪವಿಭಾಗದ ಸಾಹೇಬರು ನಮ್ಮಿಬ್ಬರನ್ನೂ ಕರೆದರು. ಕಾಕಾ ಬಾಗಿಲಲ್ಲೇ ನಿಂತು ಅಂದರು:

"ಆಗೂದಿಲ್ರೀ ಸಾಹೇಬ್ರ. ಇದು ಸಿಹಿನೀರಿನ ದೋಣಿ. ಉಪ್ಪನೀರಿಗೆ ಇಳಿಸಿದ್ರ ತಿಂತೈತಿ."

"ಏನ ತಿಂತೈತೋ?"

"ಎಲ್ಲಾ ತಿಂತೈತ್ರಿ. ತಗಡಾ, ಗಾಲಿ, ಕಬ್ಬಿಣಾ. ಉಪ್ಪಿಗೆ ಹಲ್ಲ ಅದಾವ್ರಿ."

ಸಾಹೇಬರು ನಕ್ಕು ನನ್ನ ಕಡೆ ತಿರುಗಿದರು. "ಏನ್ರೀ ಬಿ.ಎಸ್ಸಿ., ನೀವೇನಂತೀರಿ?"

ಕಚೇರಿಯಲ್ಲಿ ನನಗೆ ಅದೇ ಹೆಸರು. ನನಗದು ಸಿಹಿಯಾಗಿಯೇ ಇತ್ತು. ನಮ್ಮ ವಂಶದಲ್ಲಿ ಏಳನೆಯ ಇಯತ್ತೆ ದಾಟಿದವನೇ ನಾನು ಮೊದಲು, ಅದರ ಮೇಲೆ ರಸಾಯನಶಾಸ್ತ್ರದಲ್ಲಿ ಪದವಿ. ಅಪ್ಪ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿ ಓದಿಸಿದ್ದ. ಕೇಳಿದವರಿಗೆ ತಿಳಿಸಿ ಹೇಳುವ ಅವಕಾಶ ಸಿಕ್ಕರೆ ನಾನು ಬಿಡುತ್ತಿರಲಿಲ್ಲ. ಉಪ್ಪು ನೀರಿನಲ್ಲಿ ಕರಗುತ್ತದೆ, ದಿನವೂ ಸಿಹಿನೀರಿನಿಂದ ತೊಳೆದರೆ ಹೋಗಿಬಿಡುತ್ತದೆ, ಹೆದರುವಂಥದ್ದೇನಿಲ್ಲ ಎಂದೆ. ರಸ್ತೆಯಲ್ಲಿ ಓಡಿ ಬಿಸಿಯಾದ ಗಾಲಿಯ ನಡುವಿನ ಹಬ್ಬು ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಬೇರಿಂಗಿನೊಳಕ್ಕೆ ಎಳೆದುಕೊಳ್ಳುತ್ತದೆ, ಆದ್ದರಿಂದ ಹಬ್ಬು ಕೈಗೆ ತಣ್ಣಗಾದ ಮೇಲೆಯೇ ಟ್ರೇಲರನ್ನು ನೀರಿಗೆ ಇಳಿಸಬೇಕು ಎಂದೆ. ಅಷ್ಟಕ್ಕೇ ಬಿಡದೆ ಒಂಬತ್ತು ಅಂಶಗಳ ಸೂಚನಾಪತ್ರವನ್ನೂ ಬರೆದುಕೊಟ್ಟೆ. ಮೊದಲನೆಯ ಅಂಶ: ಪ್ರತಿದಿನ ಕೆಲಸ ಮುಗಿದ ಕೂಡಲೇ ದೋಣಿ ಮತ್ತು ಟ್ರೇಲರನ್ನು ಸಿಹಿನೀರಿನಿಂದ ತೊಳೆಯತಕ್ಕದ್ದು. ಹೆಡ್ ಕ್ಲಾರ್ಕರು ಅದನ್ನು ಟೈಪ್ ಮಾಡಿಸಿ, ಒಂದು ಪ್ರತಿಯನ್ನು ಕಾಕಾನ ಕೈಗೆ ಕೊಟ್ಟು, ಇನ್ನೊಂದರ ಮೇಲೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಒಂಬತ್ತೂ ಅಂಶಗಳನ್ನು ಓದಿ ಹೇಳಿದ ಮೇಲೆ ಕಾಕಾ ಆ ಕಾಗದವನ್ನು ತಿರುಗಿಸಿ ನೋಡಿದರು.

"ಇದರಾಗ ನನ್ನ ಹೆಸರೈತ್ರೇನು?"

"ಇಲ್ಲ ಕಾಕಾ. ಖಲಾಸಿ ಅಂತಷ್ಟ ಐತಿ."

ಅಳಿವೆಯ ಹದಿನೈದು ದಿನಗಳ ಬಗ್ಗೆ ದೂರುವಂಥದ್ದೇನೂ ಇರಲಿಲ್ಲ. ಕಲಘಟಗಿ ದಾಟಿ ಯಲ್ಲಾಪುರದ ಮೇಲೆ ಘಟ್ಟ ಇಳಿದು ಹೋದೆವು. ಕಾಕಾ ಬದುಕಿನಲ್ಲಿ ಮೊದಲ ಸಲ ಸಮುದ್ರ ನೋಡಿದರು. ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಉಗುಳಿ, "ಇಷ್ಟ ನೀರ ಕೊಟ್ಟು ಒಂದ ಗುಟುಕ ಕುಡಿಯೂ ಹಂಗಿಲ್ಲಂದ್ರ ದೇವರೂ ನಮ್ಮ ಹೆಡ್ ಕ್ಲಾರ್ಕನಂಗ ಕಾಣತಾನ್ರಿ" ಎಂದರು. ಜೀಪಿನ ಡ್ರೈವರು ಬಿದ್ದು ಬಿದ್ದು ನಕ್ಕ.

ಸಮುದ್ರದಿಂದ ನೂರು ಹೆಜ್ಜೆ ಈಚೆ ಒಂದು ಮನೆಯ ಬಾವಿ ಇತ್ತು. ಸಿಹಿನೀರು! ಸಮುದ್ರದ ಪಕ್ಕದಲ್ಲಿ ಸಿಹಿನೀರಿದೆ, ಸಮುದ್ರವೇ ಇಲ್ಲದ ನಮ್ಮ ಸೀಮೆಯಲ್ಲಿ ಇಲ್ಲ. ಆ ಮನೆಯ ಅಜ್ಜಿ ಎಷ್ಟು ಬೇಕಾದರೂ ಸೇದಿಕೊಳ್ಳಿ ಎಂದಳು. ಯಾವ ಊರು, ಯಾರ ಪೈಕಿ ಎಂದು ಕೇಳಲಿಲ್ಲ. ಕಾಕಾ ದಿನಾ ಇಪ್ಪತ್ತು ಕೊಡ ನೀರು ಸೇದಿ ದೋಣಿ ಉಜ್ಜುತ್ತಿದ್ದರು. ತೊಲೆಯ ಗೋಣಿತಟ್ಟನ್ನು ಬಿಚ್ಚಿ ಹಿಂಡಿ ಒಣಗಿಸುತ್ತಿದ್ದರು. ದಿನ ಬಿಟ್ಟು ದಿನ ಹಬ್ಬು ಬಿಚ್ಚಿ, ಹಳೆಯ ಗ್ರೀಸು ತೆಗೆದು, ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆದು, ಹೊಸ ಗ್ರೀಸು ತುಂಬುತ್ತಿದ್ದರು. ಹಬ್ಬಿನ ಮೇಲೆ ಅಂಗೈ ಇಟ್ಟು, "ಇನ್ನೂ ಜ್ವರಾ ಐತ್ರಿ, ಸ್ವಲ್ಪ ತಡೀರಿ" ಎನ್ನುತ್ತಿದ್ದರು. ಹದಿನಾಲ್ಕು ದಿನ ಹೀಗೇ ನಡೆಯಿತು.

ಕೊನೆಯ ದಿನ ಕೆಲಸ ಮುಗಿದದ್ದು ಮಧ್ಯಾಹ್ನ ಮೂರಕ್ಕೆ. ಡ್ರೈವರು ಅವಸರ ಮಾಡಿದ. "ಹೊತ್ತ ಮುಳುಗೂದರೊಳಗ ಘಟ್ಟ ಹತ್ತಬೇಕ್ರಿ, ಆಮ್ಯಾಲೆ ಲಾರಿ ಸಾಲಿನಾಗ ಸಿಕ್ಕೊಂತೀವಿ." ಕಾಕಾ ಕೊಡ ಹಿಡಿದು ನಿಂತಿದ್ದರು. ನಾನು, "ನಡೀರಿ ಕಾಕಾ, ಊರಿಗೆ ಹೋಗಿ ತೊಳಕೊಂಡ್ರಾತು" ಎಂದೆ. ಕೊಡ ಕೆಳಗಿಟ್ಟರು. ದೋಣಿಯ ತಳದಿಂದ ಉಪ್ಪುನೀರು ತೊಟ್ಟಿಕ್ಕುತ್ತಲೇ ಹೊರಟೆವು.

ಧಾರವಾಡಕ್ಕೆ ಬಂದಾಗ ಸಾಹೇಬರ ಚೀಟಿ ಕಾದಿತ್ತು: ನೇರ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಕೆರೆಗೆ ಹೋಗಿ, ಮಳೆಗೆ ಮುಂಚೆ ಅಳತೆ ಮುಗಿಸಬೇಕು. ಮರುದಿನ ಮಧ್ಯಾಹ್ನ ಅಲ್ಲಿದ್ದೆವು. ಏಪ್ರಿಲ್ ನಡುಭಾಗ. ಕೆರೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಊರವರು ಮನೆಗೆ ಇಷ್ಟೇ ಕೊಡ ಎಂದು ಕಟ್ಟು ಮಾಡಿ, ನೀರಿಗಿಳಿಯುವ ಪಾವಟಿಗೆಯ ಬಾಯಲ್ಲಿ ಒಬ್ಬ ಕಾವಲುಗಾರನನ್ನು ಕೂಡ್ರಿಸಿದ್ದರು. ದೋಣಿಯನ್ನು ಕೆರೆಗೆ ಇಳಿಸುವ ಮೊದಲೇ ತೊಳೆಯಬೇಕು. ಕುಡಿಯುವ ನೀರಿಗೆ ಸಮುದ್ರದ ಉಪ್ಪು ಸೇರಿಸುವ ಹಾಗಿಲ್ಲ. ಅದಕ್ಕೆ ಇಪ್ಪತ್ತು ಕೊಡವಾದರೂ ಸಿಹಿನೀರು ಬೇಕು. ನಾನೇ ಬರೆದ ಮೊದಲನೆಯ ಅಂಶ.

ಕಾವಲುಗಾರ ಒಳ್ಳೆಯ ಮನುಷ್ಯ. ನಾನು ಹತ್ತಿರ ಹೋಗುತ್ತಲೇ ಎದ್ದು, "ಬರ್ರಿ ಸಾಹೇಬ್ರ, ಕೂಡ್ರಿ" ಎಂದು ತನ್ನ ಕಂಬಳಿ ಹಾಸಿದ. ಆಮೇಲೆ ಕೇಳಿದ: "ಯಾವೂರ್ರಿ ನಿಮ್ಮದು? ಯಾರ ಪೈಕಿ?"

ಮಾತು ಬೆಳೆಸಲು ಯಾರಾದರೂ ಕೇಳುವ ಪ್ರಶ್ನೆ ಅದು. ನನ್ನ ಊರು ಅಲ್ಲಿಂದ ಏಳೆಂಟು ಮೈಲಿ. ನಮ್ಮ ಓಣಿ ಊರ ಹೊರಗಿನದು. ನಮ್ಮೂರ ಕೆರೆಯ ಪಾವಟಿಗೆಗೆ ನಮ್ಮವರು ಇಳಿಯುವಂತಿರಲಿಲ್ಲ. ಅವ್ವ ಕೊಡವನ್ನು ಏರಿಯ ಮೇಲಿಟ್ಟು, ಇಳಿದು ಬಂದವರು ಯಾರಾದರೂ ಎತ್ತರದಿಂದ ಸುರಿಯುವ ತನಕ ನಿಂತಿರುತ್ತಿದ್ದಳು. "ಅವ್ವಾರ, ಒಂದ ಕೊಡಾ ಹಾಕ್ರೀ, ಅಕ್ಕಾರ, ಒಂದ ಕೊಡಾ ಹಾಕ್ರೀ." ಸುರಿದರೆ ಸಿಹಿನೀರು. ಯಾರೂ ಸುರಿಯದ ದಿನ ಸವಳು ಕುಡಿಯುತ್ತಿದ್ದೆವು. ನೌಕರಿಯ ಹೆಸರಿನಲ್ಲಿ ನಾನು ಅಂಥ ಎಷ್ಟೋ ಕೆರೆಗಳ ಮೇಲೆ ತೇಲಾಡಿದ್ದೆ, ಯಾರೂ ಏನೂ ಕೇಳಿರಲಿಲ್ಲ. ಆದರೆ ನೀರು ಕೊಡಿ ಎಂದು ಏರಿಯ ಮೇಲೆ ನಿಂತು ಬಾಯಿಬಿಟ್ಟು ಕೇಳುವ ಪ್ರಸಂಗ ಬಂದಿರಲಿಲ್ಲ. ಪದವಿ ಮಾಡಿದ್ದೇ ಆ ಮಾತನ್ನು ಇನ್ನೊಮ್ಮೆ ಆಡಬಾರದೆಂದು.

"ಧಾರವಾಡ" ಎಂದೆ. ಸುಮ್ಮನೆ ಕೆರೆ ನೋಡಲು ಬಂದವನಂತೆ ಎರಡು ನಿಮಿಷ ನಿಂತು ಏರಿ ಇಳಿದೆ.

ಕೆಳಗೆ ಶಾಲೆಯ ಬಾಜೂಕ ಒಂದು ಕೈಪಂಪು ಇತ್ತು. ಸವಳು. ಕಾಕಾನಿಗೆ ಅದನ್ನೇ ತೋರಿಸಿದೆ.

"ಸಣ್ಣ ಸಾಹೇಬ್ರ, ಇದು ಸವಳಲ್ರೇನು?"

"ಸವಳ ಇದ್ರೇನಾತು? ಸಮುದ್ರ ಅಲ್ಲಲ್ಲ. ಊರ ಮಂದಿ ಎಲ್ಲಾ ಇದರಾಗ ತೊಳೀತಾರ."

"ಭಾಂಡೆ ಬ್ಯಾರೆ, ದೋಣಿ ಬ್ಯಾರೆ..."

"ಕಾಕಾ, ಕಲತಾವ ನಾನೋ ನೀವೋ?"

ಅವರು ಪಂಪಿನ ಬಾಯಿಗೆ ಕೊಡ ಇಟ್ಟರು. ಪಂಪು ಹೊಡೆದರು.

ಆರು ವಾರ ಆ ಕೆಲಸ ನಡೆಯಿತು. ಮೊದಲ ದಿನ ಮಾತ್ರ ಸವಳಿನಲ್ಲಿ ತೊಳೆದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಸಂಜೆ ದೋಣಿಯನ್ನು ಕೆರೆಯಲ್ಲಿ ಬಿಡಲು ಊರವರು ಒಪ್ಪಲಿಲ್ಲ, ದಿನಾ ಟ್ರೇಲರಿಗೆ ಏರಿಸಬೇಕಾಯಿತು. ತೊಳೆಯುವ ಸೂಚನೆ ಕಾಗದದ ಮೇಲಿತ್ತು, ಹೆಬ್ಬೆಟ್ಟು ಒತ್ತಿದ ಮನುಷ್ಯ ಅದನ್ನು ಬಿಡಲಿಲ್ಲ. ಮುಂಜಾನೆ ಹತ್ತು ಕೊಡ, ಸಂಜೆ ಹತ್ತು ಕೊಡ. ದೋಣಿಗೆ, ತೊಲೆಗೆ, ಗಾಲಿಗೆ, ಎಲ್ಲಕ್ಕೂ. ಬೇಸಿಗೆಯ ಬಿಸಿಲಿಗೆ ನೀರು ಹಾರಿ ಹೋಗುತ್ತಿತ್ತು, ಅದರಲ್ಲಿದ್ದುದು ಉಳಿಯುತ್ತಿತ್ತು. ಸಮುದ್ರದ ಉಪ್ಪಿನ ಮೇಲೆ ಸವಳಿನ ಉಪ್ಪು. ಗೋಣಿತಟ್ಟು ಬೆಳ್ಳಗಾಗಿ ಗಡುಸಾಯಿತು. ನಾನು ನೋಡಿದೆ, ಸುಣ್ಣದ ಧೂಳು ಎಂದುಕೊಂಡೆ. ಹಬ್ಬು ಬಿಚ್ಚಿ ನೋಡೂಣು ಎಂದು ಕಾಕಾ ಎರಡು ಸಲ ಕೇಳಿದರು. ಅದಕ್ಕೆ ಅರ್ಧ ದಿನ ಬೇಕು. ಅಳತೆ ಹಿಂದೆ ಬಿದ್ದಿತ್ತು. ಬೇಡ ಎಂದೆ.

ಮೇ ತಿಂಗಳ ಕೊನೆಯಲ್ಲಿ ಕೆಲಸ ಮುಗಿಯಿತು. ಬೇರೊಂದು ಊರಿಗೆ ಹೋಗಲು ಟ್ರೇಲರನ್ನು ಏರಿಯ ಇಳಿಜಾರಿನಿಂದ ಜೀಪು ಮೇಲಕ್ಕೆ ಎಳೆಯುತ್ತಿತ್ತು. ಇಳಿಜಾರು ಬಂದಾಗಲೆಲ್ಲ ಕಾಕಾ ಒಂದು ಕಲ್ಲು ಹಿಡಿದು ಗಾಲಿಯ ಹಿಂದೆ ನಡೆಯುತ್ತಿದ್ದರು. ಗಾಡಿ ಹಿಂದೆ ಸರಿದರೆ ಅಡ್ಡ ಕೊಡಲು. ಬಲಗಡೆಯ ಗಾಲಿ ಕಿರ್ ಎಂದು ಕೂಗಿತು. ಬೇರಿಂಗು ಕಚ್ಚಿಕೊಂಡಿತ್ತು. ಡ್ರೈವರು ಇನ್ನಷ್ಟು ಒತ್ತಿ ಎಳೆದ. ಗಾಲಿ ಹಬ್ಬಿನ ಸಮೇತ ಕಳಚಿ ಬಂತು. ಕಾಕಾ ಕಲ್ಲು ಅಡ್ಡ ಕೊಟ್ಟರು. ಟ್ರೇಲರಿನ ಆಂಗಲ್ಲು ಕಲ್ಲಿನ ಮೇಲೆ ಬಿತ್ತು, ಕಲ್ಲಿನ ಮೇಲೆ ಅವರ ಎಡಗೈ ಇತ್ತು.

ನವಲಗುಂದದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಜೀಪಿನಲ್ಲಿ ಅಲ್ಲಿಗೆ ಹೋಗುವಾಗ ಅವರು ಅಳಲಿಲ್ಲ, "ಗಳಾ ಹಿಡಿಯೂದು ಬಲಗೈಲೇರಿ, ಕೆಲಸಕ್ಕ ಏನೂ ತೊಂದ್ರಿಲ್ಲ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ಎರಡು ದಿನ ಬಿಟ್ಟು ದೋಣಿಯನ್ನು ಎತ್ತಿ ಮಗುಚಿ ಹಾಕಿದೆವು. ಗೋಣಿತಟ್ಟು ತಗಡಿಗೆ ಅಂಟಿಕೊಂಡಿತ್ತು. ಕಿತ್ತರೆ, ಅಲ್ಲಿಯತನಕ ತೂತುಗಳನ್ನು ಮುಚ್ಚಿಕೊಂಡಿದ್ದ ಬೂದಿಬಣ್ಣದ ಹಿಟ್ಟು ಉದುರಿತು. ತೊಲೆ ತಾಗುತ್ತಿದ್ದ ಎರಡೂ ಪಟ್ಟಿಯಲ್ಲಿ ತಗಡು ಜರಡಿಯಾಗಿತ್ತು. ದೋಣಿಯ ಕೆಳಗೆ ತಲೆ ಹಾಕಿ ನೋಡಿದೆ. ನೂರಾರು ತೂತಿನಿಂದ ಬಿಸಿಲು ಒಳಗೆ ಬರುತ್ತಿತ್ತು.

ವಿಚಾರಣೆ ಎಂದರೆ ಒಂದೇ ದಿನದ್ದು. ಹೆಡ್ ಕ್ಲಾರ್ಕರು ಹೆಬ್ಬೆಟ್ಟಿನ ಸೂಚನಾಪತ್ರವನ್ನು ಫೈಲಿನ ಮೇಲಿಟ್ಟಿದ್ದರು. ಲಿಖಿತ ಸೂಚನೆ ಕೊಡಲಾಗಿತ್ತು, ಖಲಾಸಿ ಅದನ್ನು ಪಾಲಿಸಿಲ್ಲ, ನಿರ್ಲಕ್ಷ್ಯ. ನನ್ನ ಮುಂದೆ ಒಂದು ಹೇಳಿಕೆ ಇಟ್ಟರು: ಸದರಿ ಸೂಚನೆಗಳನ್ನು ನಾನೇ ಬರೆದು ಖಲಾಸಿಗೆ ಓದಿ ಹೇಳಿದ್ದು ನಿಜ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಮಾಡಿದೆ.

ದಿನಗೂಲಿಯವನನ್ನು ತೆಗೆಯಲು ಆದೇಶ ಬೇಕಿಲ್ಲ. ಮುಂದಿನ ಮಸ್ಟರ್ ರೋಲಿನಲ್ಲಿ, ಕೂಲಿಯ ಹಾಜರಿಪಟ್ಟಿಯಲ್ಲಿ, ಅವರ ಹೆಸರಿರಲಿಲ್ಲ, ಅಷ್ಟೇ. ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಕಚೇರಿಯ ಬೇವಿನ ಗಿಡದ ಕೆಳಗೆ ಕೂತಿದ್ದರು. ನಾನು ಹೊರಗೆ ಬಂದಾಗ ಎದ್ದು ನಿಂತರು.

"ಸಣ್ಣ ಸಾಹೇಬ್ರ, ನಾ ದಿನಾ ತೊಳದೀನಿಲ್ರಿ?"

"ತೊಳದೀರಿ ಕಾಕಾ."

"ಎರಡ ಹೊತ್ತು?"

"ಎರಡ ಹೊತ್ತು."

"ಅಷ್ಟ ಒಳಗ ಹೋಗಿ ಹೇಳ್ರಲಾ."

ಹೇಳುತ್ತೇನೆ ಎಂದೆ. ಆ ದಿನ ಒಳಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಅವರು ಬರಲಿಲ್ಲ.

ತೊಳೆದದ್ದು ನಿಜ. ಹಾಗಾದರೆ ತಿಂದದ್ದು ಯಾವುದು? ಸಮುದ್ರವೋ, ಸವಳೋ? ಸವಳಲ್ಲ ಎಂದು ತೋರಿದರೆ ನನ್ನ ಎದೆಯ ಭಾರ ಇಳಿಯುತ್ತದೆ ಎಂಬ ಆಸೆ ನನಗೆ. ಎರಡು ಬಾಟಲಿ ತೆಗೆದುಕೊಂಡು ಆ ಹಳ್ಳಿಗೆ ಬಸ್ಸು ಹಿಡಿದೆ. ಒಂದರಲ್ಲಿ ಕೈಪಂಪಿನ ನೀರು ತುಂಬಿದೆ. ಇನ್ನೊಂದು ಹಿಡಿದು ಏರಿ ಹತ್ತಿದೆ. ಕಾವಲುಗಾರ ನನ್ನನ್ನು ಗುರುತಿಸಿದ.

"ಒಂದ ಬಾಟಲಿ ನೀರ ಬೇಕಾಗಿತ್ತು" ಎಂದೆ.

"ಒಂದ ಬಾಟಲಿಗೆ ಕೇಳತೀರಲ್ರೀ? ತುಂಬಕೊಳ್ರಿ." ಆಮೇಲೆ ಅಂದ: "ಅವತ್ತ ದೋಣಿಗೆ ಸವಳ ನೀರ ಹೊಡಿಯೂದ ನೋಡಿ ನಾ ಅಂದಕೊಂಡೆ, ಸರಕಾರಿ ಮಂದಿ, ಇಪ್ಪತ್ತ ಕೊಡಾ ಕೇಳಿದ್ರ ಪಂಚರು ಇಲ್ಲ ಅಂತಿದ್ರೇನು? ಯಾಕ ಕೇಳವಲ್ರು ಇವ್ರು, ಅಂತ."

ಅವನು ಕೊಡುತ್ತಿದ್ದುದು ಸಾಹೇಬನಿಗೆ. ನನ್ನ ಅವ್ವ ಅಲ್ಲಿ ನಿಂತಿದ್ದರೆ ಕೊಡುತ್ತಿದ್ದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಅಂದು ಬೇಕಾಗಿದ್ದ ನೀರು ಅಲ್ಲೇ ಇತ್ತು.

ಧಾರವಾಡದಲ್ಲಿ ನಾನು ಓದಿದ ಕಾಲೇಜಿನ ಪ್ರಯೋಗಾಲಯಕ್ಕೆ ಹೋದೆ. ಹಳೆಯ ಡೆಮಾನ್‌ಸ್ಟ್ರೇಟರು ಇನ್ನೂ ಇದ್ದರು. ಎರಡು ಗಾಜಿನ ನಳಿಕೆಯಲ್ಲಿ ಎರಡು ನೀರು, ಎರಡಕ್ಕೂ ನಾಲ್ಕು ಹನಿ ಸಿಲ್ವರ್ ನೈಟ್ರೇಟ್. ಕ್ಲೋರೈಡ್ ಇದ್ದರೆ ಬಿಳಿ ಗಸಿ ಬೀಳುತ್ತದೆ, ಪಿ.ಯು.ಸಿ. ಹುಡುಗರೂ ಮಾಡುವ ಪರೀಕ್ಷೆ. ಕೆರೆಯ ನೀರು ತುಸು ಮಬ್ಬಾಯಿತು. ಪಂಪಿನ ನೀರು ಮೊಸರಿನಂತೆ ಹೆಪ್ಪುಗಟ್ಟಿತು.

"ಏನಪಾ, ಸಮುದ್ರಕ್ಕ ಹೋಗಿ ತಂದಿಯೇನ ಇದನ್ನ?" ಎಂದರು ಅವರು.

"ಇಲ್ರಿ ಸರ್. ನಾ ಕುಡದು ಬೆಳದ ನೀರು."

ಮರುದಿನ ಸಾಹೇಬರ ಮುಂದೆ ಎರಡನೆಯ ಹೇಳಿಕೆ ಇಟ್ಟೆ. ನಾನೇ ಬರೆದದ್ದು: ಕೊನೆಯ ದಿನ ತೊಳೆಯದೆ ಹೊರಡಿಸಿದವನು ನಾನು. ಸವಳು ನೀರಿನಲ್ಲಿ ತೊಳೆಯಲು ಹೇಳಿದವನು ನಾನು. ಖಲಾಸಿ ಸವಳೆಂದು ಎಚ್ಚರಿಸಿದ್ದ. ಹಬ್ಬು ಬಿಚ್ಚಲು ಕೇಳಿದ್ದ, ಬೇಡವೆಂದವನು ನಾನು.

ಸಾಹೇಬರು ನಿಧಾನವಾಗಿ ಓದಿದರು. "ನಿಮ್ಮ ಪ್ರೊಬೇಷನ್ ಮುಗಿಯೂದು ಇನ್ನ ನಾಕ ತಿಂಗಳೈತಿ. ತಿಳಕೊಂಡ ಬರದೀರೇನು?"

"ತಿಳಕೊಂಡ ಬರದೀನ್ರಿ."

"ಕೆರಿ ನೀರು ಬಾಜೂಕ ಇತ್ತಲ್ಲ. ಅದನ್ಯಾಕ ತರಸಲಿಲ್ಲ? ಅದೂ ಬರೀರಿ, ಮ್ಯಾಲಿನವರು ಕೇಳತಾರ."

ಅಲ್ಲೇ ನಿಂತು ಬರೆದೆ: ಕೆರೆಯ ನೀರು ಕೇಳಲು ನನ್ನಿಂದ ಆಗಲಿಲ್ಲ.

ಆ ಸಾಲಿನ ಮೇಲೆ ಬೆರಳಿಟ್ಟು ಅವರು ಇನ್ನೊಮ್ಮೆ ಓದಿದರು. ನನ್ನ ಊರು, ಓಣಿ ಅವರಿಗೆ ಗೊತ್ತಿತ್ತು. ಕಾರಣ ಕೇಳಲಿಲ್ಲ. ಫೈಲು ಮುಚ್ಚಿ, "ಹೋಗ್ರಿ" ಎಂದರು.

ನನ್ನ ಪ್ರೊಬೇಷನ್ ಒಂದು ವರ್ಷ ಮುಂದೆ ಹೋಯಿತು. ಛೀಮಾರಿ ಪತ್ರ ಬಂತು. ಅದು ಆಗಬೇಕಾದದ್ದೇ. ಕಾಕಾನ ಪ್ರಮಾಣಪತ್ರಕ್ಕೆ ಮಾತ್ರ ಹೆಡ್ ಕ್ಲಾರ್ಕರ ಮೇಜಿನ ಮುಂದೆ ವಾರಕ್ಕೊಮ್ಮೆ ನಿಲ್ಲಬೇಕಾಯಿತು. ಆಗಲೇ ಅವರು ಆಗೂ ಹೋಗೂ ಮಾತಲ್ಲ ಎಂದದ್ದು. ಹನ್ನೊಂದು ವರ್ಷದ ಮಸ್ಟರ್ ರೋಲುಗಳನ್ನು ದಾಸ್ತಾನು ಕೋಣೆಯಿಂದ ನಾನೇ ಹೊರಗೆ ತೆಗೆದು, ಧೂಳು ಝಾಡಿಸಿ, ಹೆಬ್ಬೆಟ್ಟು ಹುಡುಕಿ ಪಟ್ಟಿ ಮಾಡಿದೆ. ಕೊನೆಗೆ ಟೈಪ್ ಮಾಡಿದ್ದೂ ನಾನೇ. ಸಾಹೇಬರು ಸಹಿ ಹಾಕಿ ಮೊಹರು ಒತ್ತಿದಾಗ ಇನ್ನೊಂದು ಬೇಸಿಗೆ ಬಂದಿತ್ತು. ಖಾಯಂ ಆಗುವವರ ಪಟ್ಟಿ ಹೋಗಿ ಎಂಟು ತಿಂಗಳಾಗಿತ್ತು.

ನರಗುಂದದ ಕಡೆಯ ಬಸ್ಸು ಇಳಿದು ಎರಡು ಮೈಲಿ ನಡೆದೆ. ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಬಲೆ ಹೆಣೆಯುತ್ತಿದ್ದರು. ಎಡಗೈ ಹಿಡಿಯಬೇಕಾದ ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿದ್ದರು. ನನ್ನನ್ನು ನೋಡಿ ಏಳಲು ಹೋದರು.

"ಕೂಡ್ರಿ ಕಾಕಾ."

ಪ್ರಮಾಣಪತ್ರವನ್ನು ಅವರ ಕೈಗೆ ಕೊಟ್ಟೆ. ಮಗಳು ಶಾಲೆಗೆ ಹೋಗಿದ್ದಳು, ಆದ್ದರಿಂದ ನಾನೇ ಓದಿ ಹೇಳಿದೆ: ಹನ್ನೊಂದು ವರ್ಷ, ಪ್ರಾಮಾಣಿಕವಾಗಿ, ಯಾವ ಲೋಪವೂ ಇಲ್ಲದೆ.

"ನನ್ನ ಹೆಸರ ಎಲ್ಲೈತ್ರಿ?"

ತೋರಿಸಿದೆ. ಉಳಿದ ಮೂರು ಬೆರಳಿನಲ್ಲಿ ಒಂದರಿಂದ ಅದನ್ನು ಮುಟ್ಟಿದರು. ಟೈಪಿನ ಅಕ್ಷರ ಕಾಗದದ ಹಿಂದೆ ಉಬ್ಬಿರುತ್ತದೆ. ತಿರುಗಿಸಿ ಅಲ್ಲಿಯೂ ಸವರಿದರು.

"ಇದರಲೆ ಈಗ ಏನರ ಆಕ್ಕೈತ್ರೇನು?"

"ಇಲ್ಲ ಕಾಕಾ. ಪಟ್ಟಿ ಮುಗದುಹೋತು."

"ದೋಣಿ?"

"ಗುಜರಿಗೆ ಹೋತು."

"ಹ್ಞೂಂ" ಎಂದು ಅವರು ಕಾಗದವನ್ನು ಮಡಚದೆ ತೊಡೆಯ ಮೇಲಿಟ್ಟುಕೊಂಡರು.

ಕಾಕಾನ ಹೆಂಡತಿ, ಕಾಕು, ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಹೊಳೆಯ ನೀರು. ನಾನು ಕುಡಿದೆ. ಕುಡಿದ ಮೇಲೆ, ಅದುವರೆಗೆ ಯಾರಿಗೂ ಬಿಡಿಸಿ ಹೇಳದ್ದನ್ನು ಹೇಳಿದೆ: ಏರಿಯ ಮೇಲೆ ಕಾವಲುಗಾರ ಕೇಳಿದ್ದು, ನಾನು ಸುಳ್ಳು ಊರು ಹೇಳಿದ್ದು, ನಮ್ಮ ಓಣಿ, ಅವ್ವನ ಕೊಡ. ಕಾಕಾ ತಲೆ ತಗ್ಗಿಸಿ ಕೇಳಿದರು. ಅವರಿಗೂ ಅದು ಗೊತ್ತಿರಲಿಲ್ಲ.

ಕಾಕು ಖಾಲಿ ತಂಬಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ದನಿ ಏರಿಸಲಿಲ್ಲ.

"ನಿಮಗ ಕೇಳಾಕ ಆಗಲಿಲ್ಲ, ಖರೇ. ಬಾಜೂಕ ಇವ್ರು ನಿಂತಿದ್ರಲ್ರೀ. ಕಾಕಾ, ನನಗ ಹಿಂಗಾಗೇತಿ, ನೀವರ ಹೋಗಿ ತರ್ರಿ ಅಂತ ಒಂದ ಮಾತ ಅಂದಿದ್ರ ಇವ್ರು ಓಡಿ ಹೋಗಿ ತರತಿದ್ರು. ಮಗನಂಗ ತಿಳಕೊಂಡಿದ್ರು ನಿಮ್ಮನ್ನ. ನೀವು ಇವ್ರನ್ನೂ ಆ ನೀರ ಹಾಕದ ಮಂದಿ ಸಾಲಿನಾಗ ನಿಂದ್ರಿಸಿಬಿಟ್ರಿ."